ಆರು ಚೌಕಗಳು

ನಮ್ಮ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಕಡೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವಳು. ನಂಬರು ಹೇಳಿ ಲೈನು ಕೇಳಬೇಕಾಗಿದ್ದ ಕಾಲದಲ್ಲಿ ಅವಳು ಕೆಲಸಕ್ಕೆ ಸೇರಿದ್ದು. ಕಿವಿಗೆ ಹೆಡ್‌ಫೋನು ಏರಿಸಿ, ಎದುರಿನ ಬೋರ್ಡಿನ ತೂತುಗಳಿಗೆ ವೈರು ಚುಚ್ಚುತ್ತ ಕೀಳುತ್ತ, ಪಂಚನಹಳ್ಳಿಯ ಕೊಬ್ಬರಿ ವ್ಯಾಪಾರಿಯನ್ನು ತಿಪಟೂರಿನ ಮಂಡಿಗೂ, ಹೆರಿಗೆಗೆ ಬಂದ ಮಗಳ ತವರನ್ನು ಅವಳ ಗಂಡನ ಮನೆಗೂ ಜೋಡಿಸಿದವಳು. ‘ಹಲೋ’ ಎಂಬ ಒಂದೇ ಮಾತಿಗೆ ಇದು ಯಾರು, ಅವರಿಗೆ ಇವತ್ತು ಶೀತವೋ ಸಿಟ್ಟೋ ಎಂದು ಹೇಳುತ್ತಿದ್ದಳಂತೆ. ಎಪ್ಪತ್ತು ದಾಟಿದ ಮೇಲೆ ಕಣ್ಣಿನ ಒತ್ತಡದ ಕಾಯಿಲೆ ಬಂದು ಅವಳ ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತ ಹೋಯಿತು. ಈಗ ಬೆಳಕು ಯಾವುದು ಕತ್ತಲು ಯಾವುದು ಎನ್ನುವಷ್ಟು ತಿಳಿಯುತ್ತದೆ. ಕಡೂರಿನ ನಮ್ಮ ಮನೆಯಲ್ಲೇ, ಕಂಪ್ಯೂಟರು ಇಟ್ಟಿರುವ ಮುಂಭಾಗದ ಕೋಣೆಯಲ್ಲಿ ಅವಳ ಮಂಚ.

ದೊಡ್ಡಮ್ಮನಿಗೆ ಓದುವ ಹುಚ್ಚು. ಕಣ್ಣು ಹೋದ ಮೇಲೆ ನಾನು ಸಂಜೆ ಅರ್ಧ ಗಂಟೆ ಓದಿ ಹೇಳುತ್ತಿದ್ದೆ. ಅವಳಿಗೆ ಅದು ಸಾಲುತ್ತಿರಲಿಲ್ಲ, ನನಗೆ ಅದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಮೊಬೈಲಿನಲ್ಲಿ ಕನ್ನಡ ಓದುವ ಧ್ವನಿಯೊಂದಿತ್ತು. ಅದಕ್ಕೆ ‘ಳ’ ಬರುತ್ತಿರಲಿಲ್ಲ.

“ಬಾಳೆಹಣ್ಣನ್ನ ಬಾಲೆಹಣ್ಣು ಅಂತಾಳಲ್ಲೇ! ಇವಳಿಂದ ಪುಸ್ತಕ ಓದಿಸ್ಕಳದಾ?” ಎಂದು ಒಂದೇ ವಾರಕ್ಕೆ ಅದನ್ನು ಬಾಯಿ ಮುಚ್ಚಿಸಿದ್ದಳು.

ನಾನು ಅಜ್ಜಂಪುರದ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಶಿಯನ್. ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ಸಿಕ್ಕಿದ್ದರಲ್ಲಿ ಬರುತ್ತೇನೆ. ಒಂದು ಬೆಳಿಗ್ಗೆ ನಲವತ್ತರ ಆಸುಪಾಸಿನ ಒಬ್ಬರು ಸಕ್ಕರೆ ಪರೀಕ್ಷೆಗೆ ಬಂದರು. ಕಣ್ಣು ಕಾಣದವರು, ತರೀಕೆರೆಯಲ್ಲಿ ಪಿಯು ಕಾಲೇಜಿಗೆ ಇತಿಹಾಸ ಪಾಠ ಹೇಳುವ ಉಪನ್ಯಾಸಕರು, ಅಜ್ಜಂಪುರದ ನೆಂಟರ ಮನೆಗೆ ಬಂದಿದ್ದವರು. ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಟ್ಟು, ತಿಂಡಿ ತಿಂದು, ಎರಡು ಗಂಟೆ ಬಿಟ್ಟು ಮತ್ತೆ ಕೊಡಬೇಕು. ಆ ಎರಡು ಗಂಟೆಯನ್ನು ಅವರು ಲ್ಯಾಬಿನ ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪು ತೆರೆದುಕೊಂಡು ಕಳೆದರು. ಕಿವಿಯ ವೈರು ಒಮ್ಮೆ ಕಳಚಿತು. ಹುರಿಗಡಲೆ ಸುರಿದ ಹಾಗೆ ಕನ್ನಡ ಹೊರಗೆ ಬಿತ್ತು. ನಾನು ಬಾಗಿಲಿಗೆ ಬಂದೆ.

“ಸರ್, ಅದು ಓದ್ತಿರೋದು ಯಾರು?”

“ಇದೇ ಮೇಡಂ, ಕಂಪ್ಯೂಟರೇ. ನಾನು ಜೋರಾಗಿ ಓಡಿಸ್ತೀನಿ, ಅದಕ್ಕೆ ಹಂಗೆ ಕೇಳುತ್ತೆ. ತಡೀರಿ.” ಎಂದು ಅವರು ವೇಗ ಇಳಿಸಿದರು. ಒಬ್ಬ ಹೆಂಗಸಿನ ಧ್ವನಿ, ಯಾವುದೋ ರಾಜ ಕೆರೆ ಕಟ್ಟಿಸಿದ ಕಥೆಯನ್ನು, ಕನ್ನಡ ಮೇಡಂ ಪಾಠ ಓದುವ ಹಾಗೆ ಓದುತ್ತಿತ್ತು. ‘ಬೆಳೆ’ ಎಂದಾಗ ‘ಳ’ ಸರಿಯಾಗಿ ನಾಲಿಗೆ ಮಡಚಿ ಬಂತು. ನಾನು ದೊಡ್ಡಮ್ಮನ ವಿಷಯ ಹೇಳಿದೆ.

“ಇದು ಪುಕ್ಕಟೆ ಸಿಗುತ್ತೆ. ಇಂಟರ್ನೆಟ್ ಇಲ್ದೇನೂ ಓದುತ್ತೆ. ಆದ್ರೆ ಹಾಕ್ಕೊಳ್ಳೋದು ಸ್ವಲ್ಪ ತಲೆನೋವು. ಬಟನ್ ಒತ್ತಿ ಮುಗಿಸೋ ಹಂಗಿಲ್ಲ. ಕಪ್ಪು ಸ್ಕ್ರೀನ್ ಬರುತ್ತಲ್ಲ, ಅದರಲ್ಲಿ ಕಮಾಂಡು ಟೈಪ್ ಮಾಡ್ಬೇಕು” ಎಂದರು. ಎಂಟು ಸಾಲಿನ ಕಮಾಂಡುಗಳನ್ನು ನನ್ನ ಮೊಬೈಲಿಗೆ ಕಳಿಸಿ, ಆಗದಿದ್ದರೆ ಫೋನು ಮಾಡಿ ಎಂದು ಹೇಳಿ ಎರಡನೆಯ ಸಲ ರಕ್ತ ಕೊಟ್ಟು ಹೋದರು.

ಸಂಜೆ ಮನೆಯಲ್ಲಿ ಹೇಳಿದರೆ ದೊಡ್ಡಮ್ಮ ಒಪ್ಪಲಿಲ್ಲ. “ನೀನು ಕೇಳ್ದೆ ಸರಿ. ಓದಿಸ್ಕಳೋಳು ನಾನು. ನಾನು ಕೇಳ್ಬೇಕು ಮೊದ್ಲು.”

ಹಾಗಾಗಿ ಮುಂದಿನ ಶನಿವಾರ ಮಧ್ಯಾಹ್ನ ಬೀರೂರಿನ ಮೇಲೆ ಹೋಗುವ ಬಸ್ಸು ಹತ್ತಿ ನಾವಿಬ್ಬರೂ ತರೀಕೆರೆಗೆ ಹೋದೆವು. ಉಪನ್ಯಾಸಕರು ಬಾಗಿಲಲ್ಲೇ ಕಾಯುತ್ತಿದ್ದರು. ಇಬ್ಬರು ಕಾಣದವರು ಒಬ್ಬರಿಗೊಬ್ಬರು ಕೈ ಮುಗಿದದ್ದು ನನಗೆ ಮಾತ್ರ ಕಂಡಿತು.

“ಏನು ಓದಿಸ್ಲಿ ಅಮ್ಮ?”

“‘ಕಾಲಿನ ಮೇಲೆ ಕಾಳು ಬಿತ್ತು’ ಅಂತ ಹಾಕಪ್ಪ.”

ಧ್ವನಿ ಹಾಗೇ ಹೇಳಿತು. ದೊಡ್ಡಮ್ಮ ತಲೆ ಓರೆ ಮಾಡಿಕೊಂಡು ಕೇಳಿದಳು. ‘ಹಲ್ಲಿ ಹಳ್ಳಿಗೆ ಹೋಯಿತು’ ಹಾಕಿಸಿದಳು. ‘ಹಾಲು ಹಾಳಾಯಿತು’ ಹಾಕಿಸಿದಳು. ಕೊನೆಗೆ ‘ಸಂಕ್ಷಿಪ್ತ’ ಎಂದು ಒಂದೇ ಪದ ಹಾಕಿಸಿ, ಅದೂ ಸರಿಯಾಗಿ ಬಂದಾಗ ಸೋತವಳಂತೆ ನಕ್ಕಳು.

“ನೀನು ಎಷ್ಟು ಜೋರಾಗಿ ಕೇಳ್ತೀಯಂತಲ್ಲ, ಅದನ್ನ ತೋರ್ಸಪ್ಪ.”

ಅವರು ವೇಗ ಏರಿಸಿದರು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ದೊಡ್ಡಮ್ಮ ಮಾತ್ರ ಮುಖ ಬಿಗಿಹಿಡಿದು ಕೂತಿದ್ದು, “ಅರ್ಧ ಸಿಕ್ತು. ಟ್ರಂಕ್ ಲೈನಲ್ಲಿ ಕೂಗಾಡ್ತಿದ್ದ ದಿನ ಆಗಿದ್ರೆ ಪೂರಾ ಸಿಗ್ತಿತ್ತು” ಎಂದಳು. ಬಸ್ಸಿನಲ್ಲಿ ವಾಪಸು ಬರುವಾಗ, “ಹಾಕು ಕಣೇ ಅದನ್ನ. ನಾಳೆನೇ ಹಾಕು” ಎಂದಳು.

ಕಂಪ್ಯೂಟರು ಕೊರೊನಾ ಕಾಲದಲ್ಲಿ ನನ್ನ ಆನ್‌ಲೈನ್ ತರಬೇತಿಗೆಂದು ಕೊಂಡದ್ದು. ಮೊದಲ ದಿನ ಅದು ಬಳಸುವವರ ಹೆಸರೇನು ಎಂದು ಕೇಳಿದಾಗ, ಕನ್ನಡ ಟೈಪಿಂಗ್ ಹೊಸದಾಗಿ ಕಲಿತಿದ್ದ ಹುಮ್ಮಸ್ಸಿನಲ್ಲಿ ನಾನು ಕನ್ನಡದಲ್ಲೇ ‘ನಮ್ಮನೆ’ ಎಂದು ಬರೆದಿದ್ದೆ. ಆನ್ ಮಾಡಿದಾಗಲೆಲ್ಲ ಪರದೆಯ ಮಧ್ಯೆ ಆ ಹೆಸರು ಬಂದರೆ ಖುಷಿಯಾಗುತ್ತಿತ್ತು.

ಭಾನುವಾರ ತಿಂಡಿ ಮುಗಿಸಿ ಕೂತೆ. ಕಪ್ಪು ಪರದೆ ತೆರೆದುಕೊಂಡಿತು. ಚಿತ್ರವಿಲ್ಲ, ಬಟನ್ನಿಲ್ಲ. ಮೂಲೆಯಲ್ಲಿ ಒಂದು ಸಣ್ಣ ಗೆರೆ ಮಿಣುಕುತ್ತಿತ್ತು.

“ಏನು ಮಾಡ್ತಿದೆ ಅದು?” ಎಂದು ಮಂಚದಿಂದ ದೊಡ್ಡಮ್ಮ ಕೇಳಿದಳು.

“ಸುಮ್ನೆ ಕಾಯ್ತಿದೆ.”

“ಯಾರಿಗೆ?”

“ನಾನೇನಾದ್ರೂ ಹೇಳ್ಲಿ ಅಂತ.”

“ನಂಬರ್ ಪ್ಲೀಸ್ ಅಂತ ಕೂತಿದೆ ಅನ್ನು. ಕೊಡು ಮತ್ತೆ ನಂಬರು!”

ಕೊಟ್ಟೆ. ಇಂಥ ಕಮಾಂಡು ನನಗೆ ಗೊತ್ತೇ ಇಲ್ಲ ಎಂದು ಅದು ಇಂಗ್ಲಿಷಿನಲ್ಲಿ ಹೇಳಿತು. ತರೀಕೆರೆಗೆ ಫೋನು ಮಾಡಿದೆ. ಮೊದಲು ಇನ್ನೊಂದು ತಂತ್ರಾಂಶ ಹಾಕಬೇಕಿತ್ತಲ್ಲ, ಅದನ್ನು ಹಾಕುವಾಗ ಕೆಳಗಡೆ ಒಂದು ಸಣ್ಣ ಚೌಕದಲ್ಲಿ ಟಿಕ್ ಮಾಡಿದ್ರಾ ಎಂದು ಕೇಳಿದರು. ಮಾಡಿರಲಿಲ್ಲ. ತೆಗೆದು ಮತ್ತೆ ಹಾಕಿ, ಟಿಕ್ ಮಾಡಿದೆ. ಮೊದಲ ಎರಡು ಸಾಲು ದಾಟಿತು. ಮೂರನೆಯದಕ್ಕೆ ಮತ್ತೆ ನಿಂತಿತು. ಆ ಸಾಲನ್ನು ನಾನು ಮೊಬೈಲಿನಿಂದ ಕಂಪ್ಯೂಟರಿಗೆ ಕಳಿಸಿಕೊಂಡು, ಇದ್ದದ್ದು ಇದ್ದ ಹಾಗೇ ಕಾಪಿ ಮಾಡಿ ಹಾಕಿದ್ದೆ. ಮತ್ತೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ.

“ಮೇಡಂ, ನಾನು ನನ್ನ ಹತ್ರ ಇರೋದನ್ನ ಓದ್ತೀನಿ. ಆಮೇಲೆ ನೀವು ನಿಮ್ಮಲ್ಲಿರೋದನ್ನ ಒಂದೊಂದೇ ಅಕ್ಷರ ಓದಿ” ಎಂದರು. ಅವರು ಓದಿದರು. ನಾನು ಓದಿದೆ. ನನಗೆ ಎರಡೂ ಒಂದೇ ಅನಿಸಿತು.

“ಇಲ್ಲ” ಎಂದಳು ದೊಡ್ಡಮ್ಮ. “ಅವರು ಡ್ಯಾಶ್ ಡ್ಯಾಶ್ ಅಂದ್ರು. ನೀನು ಒಂದೇ ಡ್ಯಾಶ್ ಅಂದೆ.”

ಸ್ಪೀಕರಿನಲ್ಲಿ ನಗು ಕೇಳಿತು. “ಅಮ್ಮ ಹೇಳಿದ್ದೇ ಸರಿ ಮೇಡಂ. ಅಲ್ಲಿ ಎರಡು ಸಣ್ಣ ಗೆರೆ ಇರ್ಬೇಕು.”

ಕಳಿಸುವಾಗಲೋ ಬರುವಾಗಲೋ ಮೊಬೈಲು ಎರಡು ಸಣ್ಣ ಗೆರೆಗಳನ್ನು ಸೇರಿಸಿ ಒಂದು ಉದ್ದ ಗೆರೆ ಮಾಡಿಬಿಟ್ಟಿತ್ತು. ಕಣ್ಣಿಗೆ ಅದು ಅಂದವಾಗಿಯೇ ಕಾಣುತ್ತಿತ್ತು. ಕೈಯಿಂದ ಎರಡು ಗೆರೆ ಹಾಕಿದೆ, ಸಾಲು ದಾಟಿತು. ದೊಡ್ಡಮ್ಮನಿಗೆ ಇದು ಎಷ್ಟು ಹಿಡಿಸಿತೆಂದರೆ, ಅಲ್ಲಿಂದ ಮುಂದೆ ಅವಳು ಮಂಚ ಬಿಟ್ಟು ಕುರ್ಚಿ ಎಳೆಸಿಕೊಂಡು ನನ್ನ ಪಕ್ಕಕ್ಕೇ ಬಂದು ಕೂತಳು.

ನಾಲ್ಕು, ಐದು ಆದವು. ಆರನೆಯ ಸಾಲಿಗೆ ಕಂಪ್ಯೂಟರು ಬಹಳ ಹೊತ್ತು ಏನೇನೋ ಇಳಿಸಿಕೊಂಡಿತು. ಹೆಸರುಗಳು ಒಂದರ ಕೆಳಗೊಂದು ಉರುಳಿದವು. ಆಮೇಲೆ ಇದ್ದಕ್ಕಿದ್ದಂತೆ ಪರದೆ ತುಂಬ ಕೆಂಪು ಅಕ್ಷರ.

ಈ ಕೆಂಪು ಸುಲಭಕ್ಕೆ ಬಿಡಲಿಲ್ಲ. ಇಂಟರ್ನೆಟ್ ನಿಧಾನವಿರಬಹುದೆಂದು ಮತ್ತೆ ಓಡಿಸಿದೆ. ಆಫ್ ಮಾಡಿ ಆನ್ ಮಾಡಿದೆ. ಜಾಗ ಸಾಲದೇನೋ ಎಂದು ಹಳೆಯ ತರಬೇತಿಯ ವಿಡಿಯೋಗಳನ್ನೆಲ್ಲ ಅಳಿಸಿದೆ. ಆಂಟಿವೈರಸ್ ತಂತ್ರಾಂಶ ತಡೆಯುತ್ತಿರಬಹುದೆಂದು ಅದನ್ನು ಸ್ವಲ್ಪ ಹೊತ್ತು ನಿಲ್ಲಿಸಿದೆ. ಕೊನೆಯ ಸಾಲನ್ನು ಇಂಟರ್ನೆಟ್ಟಿನಲ್ಲಿ ಹಾಕಿ ಹುಡುಕಿದರೆ ಹತ್ತು ಜನ ಹತ್ತು ಬಗೆ ಹೇಳಿದ್ದರು. ‘ಈ ಅಕ್ಷರವನ್ನು ಬಿಡಿಸಿ ಓದಲಾಗುತ್ತಿಲ್ಲ’ ಎನ್ನುವಂಥದ್ದೇನೋ ಆ ಸಾಲಿನ ಅರ್ಥ. ಯಾವ ಅಕ್ಷರ ಎಂದು ಅದು ಹೇಳುತ್ತಿರಲಿಲ್ಲ.

ಲ್ಯಾಬಿನಲ್ಲಿ ನಮಗೆ ಕಲಿಸಿದ ಮೊದಲ ಪಾಠ, ಫಲಿತಾಂಶ ವಿಚಿತ್ರವಾಗಿ ಬಂದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡು, ನೋಡಿದ್ದನ್ನು ಬರೆದಿಡು ಎನ್ನುವುದು. ನಾನು ಒಂದು ನೋಟುಪುಸ್ತಕ ಇಟ್ಟು, ಏನು ಬದಲಾಯಿಸಿದೆ, ಏನು ಬಂತು ಎಂದು ಬರೆಯತೊಡಗಿದೆ. ಒಂದು ವಾರದಲ್ಲಿ ಮೂರು ಪುಟ ತುಂಬಿತು. ‘ಏನು ಬಂತು’ ಎನ್ನುವ ಕಡೆ ಎಲ್ಲದಕ್ಕೂ ಒಂದೇ ಉತ್ತರ: ಅದೇ ಕೆಂಪು. ಆದರೂ ನನಗೆ ಬೇಜಾರಾಗಿರಲಿಲ್ಲ ಎಂಬುದು ಈಗ ನೆನೆದರೆ ಆಶ್ಚರ್ಯ. ಆಸ್ಪತ್ರೆಯಲ್ಲಿ ರಕ್ತದ ಟ್ಯೂಬು ತಿರುಗಿಸುವ ಯಂತ್ರದ ಮುಂದೆ ನಿಂತಾಗಲೂ, ಇವತ್ತು ಹೋಗಿ ಏನು ಮಾಡಿ ನೋಡಲಿ ಎಂದೇ ಯೋಚಿಸುತ್ತಿದ್ದೆ.

ಎರಡನೆಯ ಭಾನುವಾರ ಮಧ್ಯಾಹ್ನ ದೊಡ್ಡಮ್ಮ ಹೇಳಿದಳು, “ನೀನು ಯಾವಾಗ್ಲೂ ಕೊನೇ ಸಾಲೇ ಓದ್ತೀಯ. ಮೊದ್ಲಿಂದ ಓದೇ ಒಂದ್ಸಲ.”

“ಉದ್ದ ಇದೆ ದೊಡ್ಡಮ್ಮ. ನಿಂಗೇನು ಅರ್ಥ ಆಗುತ್ತೆ?”

“ನಿಂಗೆ ಅರ್ಥ ಆಗಿದ್ಯಾ? ಓದು.”

ಓದಿದೆ. ಫೈಲು, ಸಾಲು ಸಂಖ್ಯೆ, ಫೋಲ್ಡರು, ಅದರೊಳಗೆ ಫೋಲ್ಡರು. ದೊಡ್ಡಮ್ಮನಿಗೆ ಎಕ್ಸ್‌ಚೇಂಜಿನ ಇಂಗ್ಲಿಷು ಬರುತ್ತಿತ್ತು. ಅಕ್ಷರ, ಅಂಕಿ, ಹೆಸರು ಒಂದೂ ತಪ್ಪದೆ ಹಿಡಿಯುತ್ತಿದ್ದಳು. ಮೂರು ಸಾಲು ಓದುವಷ್ಟರಲ್ಲಿ ನನ್ನ ಮೊಣಕೈ ಮುಟ್ಟಿದಳು.

“ಏನೋ ಬಿಟ್ಟೆ ನೀನು.”

“ಬಿಟ್ಟಿಲ್ಲ.”

“ಬಿಟ್ಟೆ. ಒಂದು ಉಸಿರು ನಿಂತ್ಕಂಡು ಆಮೇಲೆ ಮುಂದಕ್ಕೆ ಹೋದೆ. ಈ ಸಾಲಲ್ಲೂ ನಿಂತೆ, ಮೊದಲ್ನೇ ಸಾಲಲ್ಲೂ ನಿಂತೆ.”

ಅವಳು ಹೇಳಿದ್ದು ನಿಜ. “ಅಲ್ಲಿ ಅಕ್ಷರ ಇಲ್ಲ ದೊಡ್ಡಮ್ಮ. ಖಾಲಿ ಚೌಕ ಇವೆ. ಓದಕ್ಕೆ ಬರಲ್ಲ ಅಂತ ದಾಟ್ಕಂಡೆ.”

“ಎಷ್ಟು ಚೌಕ?”

“ಎಷ್ಟಾದ್ರೇನು?”

“ಎಣಿಸೇ.”

ಆರಿದ್ದವು. ಮೊದಲ ಸಾಲಿನಲ್ಲಿ ಎಣಿಸಿದೆ, ಆರು. ಕೆಳಗೆ ಇನ್ನೂ ಎಷ್ಟೋ ಕಡೆ ಇದ್ದವು, ಎಲ್ಲ ಕಡೆಯೂ ಆರೇ. ಒಂದು ವಾರದಿಂದ ದಿನಾ ನೋಡುತ್ತಿದ್ದ ಪರದೆ. ಆ ಚೌಕಗಳು ನನ್ನ ಕಣ್ಣಿಗೆ ಬಿದ್ದೂ ಬಿದ್ದಿರಲಿಲ್ಲ.

“ಅದರ ಹಿಂದೆ ಏನಿದೆ?”

“ಸಿ ಅಂತ ಒಂದಕ್ಷರ. ಕಂಪ್ಯೂಟರಿನ ಡ್ರೈವ್ ಅದು. ಆಮೇಲೆ ಯೂಸರ್ಸ್ ಅಂತ ಫೋಲ್ಡರು. ಆಮೇಲೆ ಚೌಕಗಳು. ಆಮೇಲೆ ಒಳಗಿನ ಫೋಲ್ಡರುಗಳು.”

ಸಿ, ಯೂಸರ್ಸ್ ಎಂದು ದೊಡ್ಡಮ್ಮ ತನಗೆ ತಾನೇ ಹೇಳಿಕೊಂಡಳು. “ಅದು ವಿಳಾಸ ಕಣೇ” ಎಂದಳು. “ಊರು ಹೇಳ್ತು, ಬೀದಿ ಹೇಳ್ತು, ಮನೆ ಹೆಸರು ಹೇಳೋ ಕಡೆ ತೊದಲ್ತು. ಆಮೇಲೆ ಹಜಾರ, ಅಡುಗೆಮನೆ ಅಂತ ಒಳಗೆ ಹೋಯ್ತು. ಆ ಮನೆ ಹೆಸರೇನು?”

ನನಗೆ ತಟ್ಟನೆ ಹೊಳೆಯಿತು. ಆ ಜಾಗದಲ್ಲಿರುವುದು ನಾನು ಮೊದಲ ದಿನ ಕೊಟ್ಟ ಹೆಸರು. “ನಮ್ಮನೆ” ಎಂದೆ. ಇಬ್ಬರೂ ಜೋರಾಗಿ ನಕ್ಕೆವು. ಆದರೆ ನಗು ಮುಗಿದ ಮೇಲೆ ಬೆರಳು ಮಡಚಿದರೆ ಲೆಕ್ಕ ಕೂಡಲಿಲ್ಲ. ನ, ಮ್ಮ, ನೆ. ಮೂರೇ ಅಕ್ಷರ. ಚೌಕ ಆರು.

“ಹಂಗಾದ್ರೆ ಅದಲ್ಲ” ಎಂದಳು ದೊಡ್ಡಮ್ಮ, ನಿರಾಸೆಯಿಂದ. “ಮೂರಕ್ಕೆ ಆರು ಹೆಂಗಾಗುತ್ತೆ?”

ಆ ಪ್ರಶ್ನೆ ತಲೆಯಲ್ಲಿಟ್ಟುಕೊಂಡೇ ಸೋಮವಾರ ರೈಲು ಹತ್ತಿದೆ. ಬೀರೂರು ದಾಟಿದ ಮೇಲೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮೊಬೈಲು ತೆಗೆದು, ಸುಮ್ಮನೆ ‘ನಮ್ಮನೆ’ ಎಂದು ಬರೆದೆ. ಹಿಂದಕ್ಕೆ ಅಳಿಸುವ ಗುಂಡಿಯನ್ನು ಒಂದು ಸಲ ಒತ್ತಿದೆ. ‘ನೆ’ ಪೂರ್ತಿ ಹೋಗಲಿಲ್ಲ. ಏತ್ವ ಮಾತ್ರ ಹೋಗಿ ‘ನಮ್ಮನ’ ಉಳಿಯಿತು. ಇನ್ನೊಂದು ಸಲ ಒತ್ತಿದೆ, ‘ನಮ್ಮ’. ಇನ್ನೊಂದಕ್ಕೆ ಒತ್ತು ಕಳಚಿ ‘ನಮ್’. ಇನ್ನೊಂದಕ್ಕೆ ‘ನಮ’. ಇನ್ನೊಂದಕ್ಕೆ ‘ನ’. ಕೊನೆಯ ಸಲ ಒತ್ತಿದಾಗ ಏನೂ ಉಳಿಯಲಿಲ್ಲ.

ಆರು ಸಲ.

ಮತ್ತೆ ಬರೆದು ಮತ್ತೆ ಅಳಿಸಿದೆ. ಆರೇ. ನಾವು ಬಾಯಲ್ಲಿ ಮೂರಾಗಿ ಹೇಳುವುದನ್ನು ಕಂಪ್ಯೂಟರು ಒಳಗೆ ಆರು ತುಂಡಾಗಿ ಇಟ್ಟುಕೊಂಡಿದೆ. ಗುಣಿತದ ಚಿಹ್ನೆ ಒಂದು ತುಂಡು, ಅರ್ಧ ಮಾಡುವ ಚಿಹ್ನೆ ಒಂದು ತುಂಡು. ಮಧ್ಯೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ರೈಲು ನಿಂತಾಗ ತಡೆಯಲಾಗದೆ ಮನೆಗೆ ಫೋನು ಮಾಡಿದೆ.

“ದೊಡ್ಡಮ್ಮ, ಆರು! ನಮ್ಮನೇಲಿ ಆರೇ ಇರೋದು!”

ಎದುರಿನ ಸೀಟಿನ ಹೆಂಗಸು ಮನೆಯಲ್ಲಿ ಯಾರೋ ಹೆಚ್ಚೋ ಕಡಿಮೆಯೋ ಆಗಿದ್ದಾರೆ ಎಂದುಕೊಂಡು ಗಾಬರಿಯಿಂದ ನನ್ನನ್ನೇ ನೋಡಿದರು. ಏತ್ವ, ಒತ್ತು ಎಲ್ಲ ಬಿಡಿಸಿ ಹೇಳಿದೆ. ದೊಡ್ಡಮ್ಮ ಆ ಕಡೆಯಿಂದ, “ಓಹೋ, ನಾವು ಕಾಗುಣಿತ ಕಲ್ತಂಗೆ ಅದೂ ಕಲ್ತಿದೆ!” ಎಂದಳು.

ಸಂಜೆ ತರೀಕೆರೆಗೆ ಫೋನು ಮಾಡಿ ಉಪನ್ಯಾಸಕರಿಗೆ ಹೇಳಿದೆ. ಅವರ ಕಂಪ್ಯೂಟರಿನಲ್ಲಿ ಹೆಸರು ಇಂಗ್ಲಿಷಿನಲ್ಲಿದ್ದುದರಿಂದ ಈ ತೊಡಕು ಅವರಿಗೆ ಬಂದೇ ಇರಲಿಲ್ಲ. ಕೇಳಿ ಅವರು ನಗಲು ಶುರುಮಾಡಿದರು. “ಮೇಡಂ, ಕನ್ನಡ ಮಾತಾಡೋಕೆ ಅಂತ ಬಂದೋಳು ಕನ್ನಡದ ಬೋರ್ಡ್ ಓದಕ್ಕಾಗ್ದೆ ಬಾಗ್ಲಲ್ಲೇ ನಿಂತವ್ಳಲ್ಲ!” ಕಪ್ಪು ಪರದೆಯಲ್ಲಿ ಚೌಕ ಕಾಣುವುದೇ ದೊಡ್ಡ ತಪ್ಪಲ್ಲ, ಅದಕ್ಕೆ ಕನ್ನಡ ಬರೆದು ತೋರಿಸಲು ಬರುವುದಿಲ್ಲ ಅಷ್ಟೇ ಎಂದು ವಿವರಿಸಿದರು. ಆದರೆ ಒಳಗೆ ಇನ್‌ಸ್ಟಾಲ್ ಮಾಡುವ ತಂತ್ರಾಂಶಕ್ಕೂ ಆ ಫೋಲ್ಡರಿನ ಹೆಸರು ಓದಲು ಬಾರದಿದ್ದರೆ ಅದು ಒಳಗೆ ಕಾಲಿಡುವುದೇ ಇಲ್ಲ.

ಗೊತ್ತಾಯಿತಲ್ಲ, ಇನ್ನೇನು ಎಂದುಕೊಂಡು ನಾನು ಸೆಟ್ಟಿಂಗಿಗೆ ಹೋಗಿ ‘ನಮ್ಮನೆ’ ತೆಗೆದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ. ಆನ್ ಮಾಡಿದಾಗ ಹೊಸ ಹೆಸರೇ ಬಂತು. ಆರನೆಯ ಸಾಲು ಓಡಿಸಿದೆ. ಅದೇ ಕೆಂಪು, ಅದೇ ಆರು ಚೌಕ. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನನ್ನ ಗಂಡ ತೋಟದಿಂದ ಬಂದರು. ಪಂಚನಹಳ್ಳಿಯಲ್ಲಿ ನಮ್ಮದು ತೆಂಗಿನ ತೋಟವಿದೆ. ಅವರಪ್ಪನ ಹೆಸರಿನಿಂದ ಅದನ್ನು ಇವರ ಹೆಸರಿಗೆ ಮಾಡಿಸಲು ತಾಲ್ಲೂಕು ಕಚೇರಿ ಮೆಟ್ಟಿಲು ಸಾಕಷ್ಟು ಸಲ ಹತ್ತಿ ಇಳಿದವರು. ಕಂಪ್ಯೂಟರಿನ ಗೋಜಿಗೆ ಹೋಗುವವರಲ್ಲ. ಚಪ್ಪಲಿ ಬಿಡುತ್ತ ನಮ್ಮ ಮಾತು ಕೇಳಿಸಿಕೊಂಡರು.

“ಹೆಸರು ಎಲ್ಲಿ ಬದಲಾಯಿಸ್ದೆ?”

“ಇಲ್ಲೇ, ಅಕೌಂಟ್ ಅಂತ ಇದ್ಯಲ್ಲ, ಅಲ್ಲಿ.”

“ತೋಟದ ಗೇಟಲ್ಲಿ ಬೋರ್ಡ್ ಬದಲಾಯಿಸಿದ್ರೆ ಖಾತೆ ಬದಲಾಗುತ್ತೇನೇ? ಒಳಗಡೆ ಕಾಗದದಲ್ಲಿ ಹಳೇ ಹೆಸರೇ ಇರ್ಬೇಕು ನೋಡು” ಎಂದು ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು.

ಹೋಗಿ ನೋಡಿದೆ. ಫೋಲ್ಡರು ‘ನಮ್ಮನೆ’ ಎಂದೇ ಇತ್ತು. ಪರದೆಯ ಮೇಲಿನ ಹೆಸರು ಬರೀ ಬೋರ್ಡು. ಮೊದಲ ದಿನ ಮಾಡಿದ ಫೋಲ್ಡರಿನ ಹೆಸರು ಹಾಗೆ ಸುಲಭಕ್ಕೆ ಬದಲಾಗುವುದಿಲ್ಲ, ಎಳೆದಾಡಿದರೆ ಇರುವುದೂ ಕೆಡುತ್ತದೆ ಎಂದು ಉಪನ್ಯಾಸಕರೂ ಹೇಳಿದರು. “ಹೊಸಾದೊಂದು ಖಾತೆ ತೆಗೀರಿ ಮೇಡಂ. ಹೆಸರು ಇಂಗ್ಲಿಷಲ್ಲಿ ಕೊಡಿ. ಮಧ್ಯೆ ಜಾಗ ಬಿಡಬೇಡಿ.”

ಏನು ಹೆಸರು ಕೊಡಲಿ ಎಂದು ದೊಡ್ಡಮ್ಮನನ್ನು ಕೇಳಿದೆ. “ಕೆ, ಎ, ಡಿ, ಯು, ಆರ್” ಎಂದಳು, ನೇರ ಕೂತು, ಎಕ್ಸ್‌ಚೇಂಜಿನ ಧ್ವನಿಯಲ್ಲಿ. ಅಷ್ಟೇ ಕೊಟ್ಟೆ. ಹೊಸ ಖಾತೆಯಲ್ಲಿ ಎಂಟು ಸಾಲುಗಳನ್ನೂ ಮೊದಲಿಂದ ಹಾಕುತ್ತ ಬಂದೆ. ಎರಡು ಗೆರೆಯ ಕಡೆ ಎರಡು ಗೆರೆ. ಆರನೆಯ ಸಾಲು ಒತ್ತಿದೆ. ಹೆಸರುಗಳು ಉರುಳಿದವು. ಕೆಂಪು ಬರುತ್ತಿದ್ದ ಜಾಗ ಬಂತು. ಈ ಸಲ ಕೆಂಪು ಬರಲಿಲ್ಲ. ಮುಂದಕ್ಕೆ ಹೋಯಿತು. ಪುಟ್ಟ ಗೀಟೊಂದು ಎಡದಿಂದ ಬಲಕ್ಕೆ ತುಂಬುತ್ತ ಹೋಯಿತು.

“ಏನಾಯ್ತೇ? ಮಾತಾಡೇ!”

“ತುಂಬ್ತಿದೆ ದೊಡ್ಡಮ್ಮ. ಅರ್ಧ ಆಯ್ತು. ಮುಕ್ಕಾಲು. ತುಂಬ್ತು.”

ಏಳು, ಎಂಟೂ ದಾಟಿದವು. ಕೊನೆಗೆ, ಯಶಸ್ವಿಯಾಗಿದೆ ಎಂಬ ಇಂಗ್ಲಿಷ್ ಮಾತು ಬಿಳಿ ಅಕ್ಷರದಲ್ಲಿ ಬಂದು ನಿಂತಿತು. ಓದಿ ಹೇಳಿದೆ. ದೊಡ್ಡಮ್ಮ ಕೈ ಚಾಚಿ ಕಂಪ್ಯೂಟರಿನ ಪರದೆಯ ಅಂಚನ್ನು ಒಮ್ಮೆ ಸವರಿದಳು.

ಮೊದಲು ಓದಿಸಿದ್ದು ಆ ದಿನದ ಪೇಪರಿನ ಮುಖಪುಟ. ಧ್ವನಿ ಹೊರಬಂದಾಗ ಅಡುಗೆಮನೆಯಿಂದ ನನ್ನ ಗಂಡ, “ಯಾರು ಬಂದವ್ರೆ?” ಎಂದು ಕೂಗಿ ಕೇಳಿದರು.

ಉಪನ್ಯಾಸಕರು ಒಂದು ಒತ್ತಾಯ ಮಾಡಿದರು. ನಮಗೆ ಆದದ್ದನ್ನು ಆ ತಂತ್ರಾಂಶ ಮಾಡಿದವರಿಗೆ ಬರೆದು ತಿಳಿಸಬೇಕು, ಇಲ್ಲವಾದರೆ ಇನ್ಯಾರೋ ಇದೇ ಬಾಗಿಲಲ್ಲಿ ನಿಲ್ಲುತ್ತಾರೆ ಎಂದರು. ನನ್ನ ನೋಟುಪುಸ್ತಕದ ಮೂರು ಪುಟಗಳನ್ನು ಇಬ್ಬರೂ ಫೋನಿನಲ್ಲೇ ಕೂತು ಇಂಗ್ಲಿಷಿಗೆ ಇಳಿಸಿ ಕಳಿಸಿದೆವು. ಕೆಲವು ದಿನಗಳಲ್ಲಿ ಯಾರೋ ಉತ್ತರಿಸಿದರು. ಯಾವ ದೇಶದವರೋ ತಿಳಿಯಲಿಲ್ಲ. ನಮ್ಮ ನೋಟುಪುಸ್ತಕವನ್ನು ಮೆಚ್ಚಿ, ಆ ಹೆಸರನ್ನು ಅದರದೇ ಲಿಪಿಯಲ್ಲಿ ಕಳಿಸಿಕೊಡಿ ಎಂದು ಕೇಳಿದ್ದರು. ಕಳಿಸಿದೆ. ಮುಂದಿನ ಆವೃತ್ತಿಯಲ್ಲಿ ಸರಿಪಡಿಸುತ್ತೇವೆ, ಹೊಸದನ್ನು ಹೊರಗೆ ಬಿಡುವ ಮೊದಲು ಇದೇ ಹೆಸರಿನ ಫೋಲ್ಡರಿನಲ್ಲಿ ಹಾಕಿ ನೋಡುತ್ತೇವೆ ಎಂದು ಬರೆದರು. ಅವರು ಅದನ್ನು ಹೇಗೆ ಉಚ್ಚರಿಸುತ್ತಾರೋ ಕೇಳಬೇಕಿತ್ತು ಎಂಬುದು ದೊಡ್ಡಮ್ಮನ ಆಸೆಯಾಗಿತ್ತು.

ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ಪುಸ್ತಕಗಳನ್ನು ಯಾರೋ ಪುಣ್ಯಾತ್ಮರು ಟೈಪು ಮಾಡಿ ಇಂಟರ್ನೆಟ್ಟಿಗೆ ಹಾಕಿದ್ದಾರೆ. ಅವುಗಳಲ್ಲಿ ಒಂದು, ಯಾರೋ ಕಾಲ್ನಡಿಗೆಯಲ್ಲಿ ಕಾಶಿಗೆ ಹೋಗಿ ಬಂದ ಕಥನ. ಅದನ್ನು ಇಳಿಸಿ ಕೊಟ್ಟೆ. ಎರಡು ದಿನ ಕೇಳಿ ದೊಡ್ಡಮ್ಮ ನನ್ನನ್ನು ಕರೆದಳು.

“ಇವಳು ಮಾತಿನ ಮಧ್ಯೆ ಮಧ್ಯೆ ಯಾಕೆ ನಿಲ್ತಾಳೆ? ‘ನದಿಯನ್ನು’ ಅಂತಾಳೆ, ನಿಲ್ತಾಳೆ. ಆಮೇಲೆ ‘ದಾಟಿದೆವು’ ಅಂತಾಳೆ. ದಾಟಕ್ಕೆ ಭಯಾನಾ ಅವಳಿಗೆ?”

ಪುಸ್ತಕದ ಫೈಲು ತೆರೆದು ನೋಡಿದೆ. ಅಚ್ಚಿನ ಪುಸ್ತಕದಲ್ಲಿ ಸಾಲು ಮುಗಿದ ಕಡೆಯೆಲ್ಲ ಟೈಪು ಮಾಡಿದವರೂ ಸಾಲು ಮುರಿದಿದ್ದರು. ಸಾಲು ಮುರಿದ ಕಡೆ ಧ್ವನಿ ನಿಲ್ಲುತ್ತಿತ್ತು. ಒಂದು ಪುಟಕ್ಕೆ ಸಾಲುಗಳನ್ನೆಲ್ಲ ಕೂಡಿಸಿ ಓದಿಸಿದೆ. ಧ್ವನಿ ಒಂದೇ ಗುಕ್ಕಿಗೆ ನದಿ ದಾಟಿತು. ಆದರೆ ಈಗ ಊರುಗಳ ಹೆಸರು ಬಂದಾಗ ಒಂದರ ಮೇಲೊಂದು ಬಿದ್ದವು. ಅಲ್ಲಿ ಅಲ್ಪವಿರಾಮ ಹಾಕಿದೆ.

“ಹಾಂ. ಈಗ ಯಾವ ಊರು ಮುಗೀತು, ಯಾವುದು ಶುರುವಾಯ್ತು ಗೊತ್ತಾಗುತ್ತೆ” ಎಂದಳು. ಆಮೇಲೆ ತಲೆ ಓರೆ ಮಾಡಿದಳು. “ಪೂರ್ಣವಿರಾಮಕ್ಕೆ ಎಷ್ಟು ಹೊತ್ತು ನಿಲ್ತಾಳೆ?”

ಹಾಕಿ ತೋರಿಸಿದೆ. ಅಲ್ಪವಿರಾಮಕ್ಕಿಂತ ಸ್ವಲ್ಪ ಹೆಚ್ಚು.

“ಎರಡು ಅಲ್ಪವಿರಾಮ ಒಟ್ಟಿಗೆ ಹಾಕಿದ್ರೆ?”

ಹಾಕಿದೆ. ಒಂದಕ್ಕೆ ನಿಂತಷ್ಟೇ ನಿಂತಿತು. ದೊಡ್ಡಮ್ಮ ಮಂಚದ ಅಂಚಿಗೆ ಜರುಗಿ ಕುರ್ಚಿಯ ಕೈ ಹಿಡಿದುಕೊಂಡಳು. ಹೊರಗೆ ತೆಂಗಿನಕಾಯಿ ಸುಲಿಯುವ ಸದ್ದು ಕೇಳುತ್ತಿತ್ತು. ನನ್ನ ಸೊಪ್ಪು ಸೋಸುವ ಕೆಲಸ ಹಾಗೇ ಬಾಕಿ ಉಳಿದಿತ್ತು.

“ಪ್ರಶ್ನೆ ಚಿಹ್ನೆ ಹಾಕು” ಎಂದಳು. “ರಾಗ ಎಳೀತಾಳೋ ಇಲ್ವೋ ನೋಡಣ.”